ಸ್ಕೋಪ್‌ನಲ್ಲಿ ಸಿಕ್ಕಿಬಿದ್ದ ಥ್ರಾಟಲ್ ಸೆನ್ಸರ್

ಕಾರು ಆಗಾಗ ಎಳೆಯುವುದೇ ಇಲ್ಲ, ಇಂಜಿನ್ ಲೈಟ್ ಬಂದು ಹೋಗುತ್ತದೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದರೆ ಎಲ್ಲಾ ಸರಿ. ಇವತ್ತು ಆಸಿಲೋಸ್ಕೋಪ್ ಹಾಕಿದೆ, ವೋಲ್ಟೇಜ್ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತದೆ ಅಂತ ಸ್ಕ್ರೀನ್ ಮೇಲೆ ಗೆರೆಯಾಗಿ ತೋರಿಸುವ ಉಪಕರಣ.

ಥ್ರಾಟಲ್ ಬಾಡಿ ಅಂದರೆ ಇಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ. ಅದರ ಕವಾಟ ಎಷ್ಟು ತೆರೆದಿದೆ ಅಂತ ಹೇಳಲು ಒಳಗೆ ಎರಡು ಸೆನ್ಸರ್. ಈ ಕಾರಿನಲ್ಲಿ ಒಂದರ ವೋಲ್ಟೇಜ್ ಏರಿದಂತೆ ಇನ್ನೊಂದರದು ಇಳಿಯಬೇಕು, ಕೂಡಿದರೆ ಯಾವಾಗಲೂ ಸುಮಾರು 5 ವೋಲ್ಟ್. ಇಗ್ನಿಷನ್ ಮಾತ್ರ ಆನ್ ಮಾಡಿ ಪೆಡಲ್ ನಿಧಾನವಾಗಿ ಒತ್ತಿದೆ. ಒಂದು ಗೆರೆ ನುಣ್ಣಗೆ ಇಳಿಯಿತು. ಇನ್ನೊಂದು 1 ವೋಲ್ಟ್ ದಾಟುತ್ತಿದ್ದಂತೆ ದಬಕ್ಕನೆ ಸೊನ್ನೆಗೆ ಬಿದ್ದು, ಕೆಲವೇ ಮಿಲಿಸೆಕೆಂಡಿನಲ್ಲಿ ಮತ್ತೆ ಮೇಲೆ! ಸೆನ್ಸರ್ ಒಳಗೆ ಸಂಪರ್ಕದ ತುದಿ ಉಜ್ಜುತ್ತಾ ಓಡುವ ಕಾರ್ಬನ್ ಪಟ್ಟಿ ಅಲ್ಲೇ ಸವೆದಿದೆ. ಟ್ರಾಫಿಕ್‌ನಲ್ಲಿ ಪೆಡಲ್ ಸ್ವಲ್ಪವೇ ಒತ್ತುವುದರಿಂದ ಜಾಸ್ತಿ ಉಜ್ಜುವ ಜಾಗ ಅದೇ ಅಲ್ವಾ. ಮೀಟರ್ ತೋರಿಸುವುದು ಸರಾಸರಿ, ಇಷ್ಟು ಚಿಕ್ಕ ಕುಸಿತ ಅದಕ್ಕೆ ಕಾಣುವುದಿಲ್ಲ.

'ಏನೂ ತೊಂದರೆ ಇಲ್ಲ' ಅಂತ ಕೇಳಿ ಕೇಳಿ ಓನರ್‌ಗೆ ತಮ್ಮ ಮೇಲೇ ಅನುಮಾನ ಬಂದಿತ್ತು. ಪಾಪ, ಮೊದಲಿಂದಲೂ ಅವರು ಹೇಳಿದ್ದೇ ನಿಜ. ಸ್ಕ್ರೀನ್ ತೋರಿಸಿದೆ. ನಾಳೆ ಹೊಸ ಥ್ರಾಟಲ್ ಬಾಡಿ ಬರುತ್ತದೆ.