ಏನಾದರೂ ಆದರೆ ಹೊಣೆ ಯಾರದು? ನಮ್ಮ ಮೀನಿನ ಹೊಂಡದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ

ಸಾಸವಡದ ಆಚೆ ನಮ್ಮ ಜಮೀನಿನಲ್ಲಿರುವ ಮೀನಿನ ಹೊಂಡವನ್ನು ಮಕ್ಕಳಿಗೂ ವಿಕಲಚೇತನರಿಗೂ ಗಾಳ ಹಾಕಲು ಬಿಟ್ಟಿದ್ದೇವೆ ಎಂಬ ಸುದ್ದಿ ಪುಣೆಯ ಕನ್ನಡಿಗರಲ್ಲಿ ಹೇಗೋ ಹಬ್ಬಿದೆ. ಹೀಗಾಗಿ ಮದುವೆ, ಮುಂಜಿ, ಕನ್ನಡ ಸಂಘದ ಕಾರ್ಯಕ್ರಮ, ಎಲ್ಲಿಗೆ ಹೋದರೂ ಊಟದ ಪಂಕ್ತಿಯಲ್ಲಿ ಒಂದೇ ಪ್ರಶ್ನೆ ಎದುರಾಗುತ್ತದೆ. “ಕಾಕಾ, ಏನರ ಹೆಚ್ಚುಕಡಿಮಿ ಆದ್ರ ಹೊಣಿ ಯಾರದ್ರೀ?” ಎಂದು ಸೊಲ್ಲಾಪುರದ ಕಡೆಯವರು ನೇರವಾಗಿ ಕೇಳುತ್ತಾರೆ. ಕರಾವಳಿಯವರು ಅದನ್ನೇ ಸ್ವಲ್ಪ ನಯವಾಗಿ, “ಇನ್ಶೂರೆನ್ಸ್ ಮಾಡಿಸಿದ್ದೀರಲ್ಲ?” ಎನ್ನುತ್ತಾರೆ. ಊಟದ ಎಲೆಯ ಮುಂದೆ ಇಷ್ಟನ್ನೆಲ್ಲ ವಿವರಿಸಲಾಗದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಹೊಣೆ ನನ್ನದು. ಆದರೆ ಅದು ಗೇಟು ತೆರೆದ ದಿನ ನನ್ನ ಹೆಗಲೇರಿದ್ದಲ್ಲ, ಹೊಂಡ ತೋಡಿಸಿದ ದಿನವೇ ಏರಿದ್ದು.

ಈ ಮಾತು ಅರ್ಥವಾಗಬೇಕಾದರೆ ಹೊಂಡ ಎಂಥದ್ದೆಂದು ತಿಳಿದಿರಬೇಕು. ಪುರಂದರ ತಾಲ್ಲೂಕು ಮಳೆ ಕಡಿಮೆಯ ಪ್ರದೇಶ. ಅಂಜೂರ, ಸೀತಾಫಲದ ತೋಟಗಳು ಬೇಸಿಗೆಯಲ್ಲಿ ಕೂಡಿಟ್ಟ ನೀರಿನ ಮೇಲೆಯೇ ಬದುಕಬೇಕು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ‘ಮಾಗೇಲ್ ತ್ಯಾಲಾ ಶೇತತಳೆ’, ಅಂದರೆ ಕೇಳಿದವರಿಗೆ ಕೃಷಿಹೊಂಡ, ಎಂಬ ಯೋಜನೆ ತಂದ ಮೇಲೆ ಇಂಥ ಹೊಂಡಗಳು ಹಳ್ಳಿಹಳ್ಳಿಯಲ್ಲೂ ಎದ್ದವು. 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳ ಎಂಬುದು ಅದರಲ್ಲಿ ಎಲ್ಲರಿಗೂ ಪರಿಚಿತವಾದ ಅಳತೆ; ತುಂಬಿದಾಗ ಸುಮಾರು 20 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ನೀರು ಇಂಗಬಾರದೆಂದು ಇಳಿಜಾರು ಬದಿಗಳಿಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಅಪಾಯವಿರುವುದು ಆ ಹಾಳೆಯಲ್ಲಿ. ಕೆಲವೇ ವಾರಗಳಲ್ಲಿ ಅದರ ಮೇಲೆ ಪಾಚಿಯ ತೆಳು ಪದರ ಕಟ್ಟುತ್ತದೆ, ಆಮೇಲೆ ಬಿದ್ದವನ ಕೈಗೂ ಕಾಲಿಗೂ ಹಿಡಿತ ಸಿಗುವುದಿಲ್ಲ. ಈಜು ಬಲ್ಲ ಗಟ್ಟಿಮುಟ್ಟಾದ ಆಳು ಕೂಡ ದಡ ಮುಟ್ಟಿಯೂ ಮೇಲೇರಲಾರದೆ, ದಣಿದು ಮುಳುಗುತ್ತಾನೆ. ಕೃಷಿಹೊಂಡದಲ್ಲಿ ಮಕ್ಕಳು ಸತ್ತ ಸುದ್ದಿ ಮರಾಠಿ ಪತ್ರಿಕೆಗಳ ಜಿಲ್ಲಾಪುಟಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಅವರಲ್ಲಿ ಹೆಚ್ಚಿನವರನ್ನು ಯಾರೂ ಕರೆದಿರುವುದಿಲ್ಲ. ಕುರಿ ಮೇಯಿಸುವ ಹುಡುಗರು ಬಿಸಿಲಿಗೆ ಕಾಲು ತೊಳೆಯಲೆಂದು ತಂತಿಬೇಲಿ ನುಸುಳುತ್ತಾರೆ, ಅಷ್ಟೆ. ಆದ್ದರಿಂದ ಬೀಗ ಹಾಕಿದ ಹೊಂಡ ಸುರಕ್ಷಿತ, ತೆರೆದ ಹೊಂಡ ಅಪಾಯಕಾರಿ ಎಂಬ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಹಳೆಯ ದಂಡಸಂಹಿತೆಯಲ್ಲಿ ಗರಿಷ್ಠ 2 ವರ್ಷ ಶಿಕ್ಷೆಯಿತ್ತು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು 5 ವರ್ಷಕ್ಕೆ ಏರಿಸಿದೆ. ‘ನಮ್ಮ ಸ್ವಂತ ಜವಾಬ್ದಾರಿಯಲ್ಲಿ ಬಂದಿದ್ದೇವೆ’ ಎಂದು ಪೋಷಕರಿಂದ ಸಹಿ ಹಾಕಿಸಿಕೊಂಡ ಕಾಗದ ಇದರಿಂದ ಪಾರು ಮಾಡುವುದಿಲ್ಲ. 1995ರಲ್ಲಿ ಬಿಯಾಸ್ ನದಿಯ ಬಳಿ ಪಿಕ್‌ನಿಕ್‌ಗೆ ಹೋಗಿದ್ದ ಶಾಲಾಮಕ್ಕಳಲ್ಲಿ 14 ಮಂದಿ ಮುಳುಗಿದ ಪ್ರಕರಣದಲ್ಲಿ, ಕರೆದೊಯ್ದವರ ಎಚ್ಚರಿಕೆ ಸಾಲದೆಂದು ಹೇಳಿ, ಪ್ರತಿ ಮಗುವಿನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ನಾವೂ ಬರುವವರಿಂದ ಒಂದು ಕಾಗದ ತುಂಬಿಸಿಕೊಳ್ಳುತ್ತೇವೆ. ಅದರಲ್ಲಿರುವುದು ಮಗುವಿಗೆ ಮೂರ್ಛೆರೋಗ ಇದೆಯೇ, ಯಾವ ಔಷಧಿ, ನೀರು ಕಂಡರೆ ಓಡುವ ಸ್ವಭಾವವೇ ಎಂಬ ಪ್ರಶ್ನೆಗಳು. ಅದು ನಮ್ಮ ಕೆಲಸಕ್ಕೆ ಬೇಕಾದ ಕಾಗದ, ವಕೀಲರಿಗೆ ಬೇಕಾದದ್ದಲ್ಲ.

ಹಾಗಾದರೆ ಏನು ಮಾಡಿದ್ದೇವೆ? ಮೊದಲ ಕೆಲಸ ಮೀನಿಗೂ ಗಾಳಕ್ಕೂ ಸಂಬಂಧಪಡದ್ದು. ನಾಲ್ಕೂ ಬದಿಗಳಲ್ಲಿ ಗಂಟು ಹಾಕಿದ ದಪ್ಪ ನೈಲಾನ್ ಹಗ್ಗಗಳನ್ನು ಏರಿಯ ಮೇಲಿನ ಗೂಟಕ್ಕೆ ಬಿಗಿದು ನೀರಿನೊಳಗೆ ಇಳಿಬಿಟ್ಟೆವು. ಹಗ್ಗದುದ್ದಕ್ಕೂ ಲಾರಿಯ ಹಳೆಯ ಟೈರುಗಳನ್ನು ಮೆಟ್ಟಿಲಿನಂತೆ ಕಟ್ಟಿದೆವು. ಎರಡು ಮೂಲೆಗಳಲ್ಲಿ ಗಾಳಿ ತುಂಬಿದ ಟ್ಯೂಬು, ಎಸೆಯುವ ಹಗ್ಗ. ಇದಿಷ್ಟು ಪ್ರತಿಯೊಂದು ಕೃಷಿಹೊಂಡದಲ್ಲೂ ಇರಬೇಕಾದದ್ದು, ಯಾರನ್ನು ಒಳಗೆ ಬಿಟ್ಟರೂ ಬಿಡದಿದ್ದರೂ.

ಆಮೇಲೆ ಬಂದದ್ದು ಗಾಳ ಹಾಕುವ ಕಟ್ಟೆ. ಹೊಂಡದ ಏರಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರವಿದೆ. ಗಾಲಿಕುರ್ಚಿಗೆ ಒಂದಕ್ಕೆ ಹನ್ನೆರಡರಷ್ಟು ಇಳಿಜಾರು ಬೇಕು, ಅಂದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದದ ರ‍್ಯಾಂಪು, ನಡುವೆ ಉಸಿರು ಬಿಡಲು ಒಂದು ಸಮತಟ್ಟು ಜಾಗ. ನಮ್ಮ ಗೌಂಡಿಗೆ ಇದು ದುಂದುಗಾರಿಕೆಯಂತೆ ಕಂಡಿತು. ನಾಲ್ಕು ಮೀಟರಿನಲ್ಲಿ ಮುಗಿಸಿ, ಹಿಂದಿನಿಂದ ಇಬ್ಬರು ದಬ್ಬಿದರಾಯಿತು ಎಂದ. ನಗರದ ಅನೇಕ ಕಟ್ಟಡಗಳ ರ‍್ಯಾಂಪುಗಳೂ ಇದೇ ಲೆಕ್ಕದಲ್ಲಿ ಕಟ್ಟಿದಂತಿವೆ. ಕುರ್ಚಿಯಲ್ಲಿ ಕುಳಿತವರು ತಮ್ಮ ಕೈಯಿಂದಲೇ ಚಕ್ರ ತಿರುಗಿಸಿ ಏರಲಾಗದಿದ್ದರೆ ಅದು ರ‍್ಯಾಂಪು ಹೇಗಾದೀತು? ಕಟ್ಟೆಯ ನೀರಿನ ಬದಿಗೆ ಕಂಬಿ ಹಾಕುವಾಗಲೂ ಇಂಥದೇ ಚರ್ಚೆ ನಡೆಯಿತು. ನಿಂತವರು ಬೀಳದಂತೆ ಎದೆಮಟ್ಟದ ಕಂಬಿ ಹಾಕಿದರೆ ಕುಳಿತವರಿಗೆ ನೀರೂ ಕಾಣದು, ಕೋಲೂ ಚಾಚದು. ಅಮೆರಿಕದ ನಿಯಮಗಳಲ್ಲಿ ಮೀನು ಹಿಡಿಯುವ ಕಟ್ಟೆಗಳ ಕಂಬಿಯ ಕನಿಷ್ಠ ಕಾಲುಭಾಗ 34 ಇಂಚಿಗಿಂತ ಎತ್ತರ ಇರಬಾರದು ಎಂದಿದೆ, ಅದನ್ನೇ ನಾವು ಅನುಸರಿಸಿದೆವು. ಆ ತಗ್ಗು ಭಾಗದ ಬುಡದಲ್ಲಿ ಎರಡು ಇಂಚಿಗೂ ಮಿಗಿಲಾದ ಸಿಮೆಂಟಿನ ಅಂಚು ಇದೆ. ಗಾಲಿಕುರ್ಚಿಯ ಮುಂಚಕ್ರ ಅಲ್ಲಿಗೆ ಬಂದು ತಡೆದು ನಿಲ್ಲುತ್ತದೆ. ಕಂಬಿಗಳ ನಡುವಿನ ಸಂದು ಮಗುವಿನ ತಲೆ ತೂರದಷ್ಟು ಕಿರಿದು.

ರ‍್ಯಾಂಪಿಗಿಂತಲೂ ಮುಖ್ಯವಾದದ್ದು ಶೌಚಾಲಯ ಎಂದು ನಮಗೆ ಹೇಳಿದವರು ಮೊದಲ ತಂಡದಲ್ಲಿ ಬಂದಿದ್ದ ಒಬ್ಬ ಹೆಣ್ಣುಮಗಳು. ಹೊರಗಡೆ ಹೋಗುವ ದಿನ ಬೆಳಿಗ್ಗೆಯಿಂದಲೇ ನೀರು ಕುಡಿಯದಿರುವುದು ತಮಗೆ ರೂಢಿಯಾಗಿದೆ ಎಂದು ಆಕೆ ತೀರಾ ಸಹಜವಾಗಿ ಹೇಳಿದರು. ಬಾಗಿಲು ಹೊರಕ್ಕೆ ತೆರೆಯುವ, ಕುರ್ಚಿ ಒಳಗೆ ಸುತ್ತು ತಿರುಗುವಷ್ಟು, ಅಂದರೆ ಒಂದೂವರೆ ಮೀಟರ್ ಜಾಗವಿರುವ ಶೌಚಾಲಯ ಆಮೇಲೆ ಬಂತು. ಕಟ್ಟೆಯ ಮೇಲಿನ ಚಪ್ಪರವೂ ಶೋಕಿಯದ್ದಲ್ಲ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಅದರ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ, ಮೈ ಬಹು ಬೇಗ ಕಾಯುತ್ತದೆ. ಸ್ಪರ್ಶವೂ ಇಲ್ಲದ ಕಾರಣ ಬಿಸಿಲಿಗೆ ಕಾದ ಕಬ್ಬಿಣ ತಗುಲಿ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಇನ್ನು ಗಾಳದ ಮಾತು. ಮಕ್ಕಳ ಕೈಗೆ ರೀಲು ಕೊಡುವುದಿಲ್ಲ. ಬಿದಿರಿನ ಕೋಲು, ಅದರುದ್ದದ ದಾರ, ಒಂದು ಬೆಂಡು, ಒಂದು ಸಣ್ಣ ಕೊಕ್ಕೆ. ಕೊಕ್ಕೆಯ ಹಿಮ್ಮುಳ್ಳನ್ನು ಪಕ್ಕಡಿನಿಂದ ಒತ್ತಿ ಮಟ್ಟ ಮಾಡಿರುತ್ತೇವೆ, ಬೆರಳಿಗೆ ಚುಚ್ಚಿದರೂ ಬಂದ ದಾರಿಯಲ್ಲೇ ಹೊರಬರುತ್ತದೆ, ಮೀನಿನ ಬಾಯಿಂದಲೂ ಹಾಗೆಯೇ. ಎರೆಗೆ ಗೋಧಿ ಹಿಟ್ಟಿನ ಉಂಡೆ. ಹೊಂಡದಲ್ಲಿರುವುದು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಕಾಟ್ಲಾ ಮೇಲ್ಮೈಯಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಬೆಂಡನ್ನು ದಾರದ ಮೇಲೆ ಮೇಲೆ ಕೆಳಗೆ ಸರಿಸಿ ಯಾವ ಮೀನಿಗೆ ಕಾಯಬೇಕೆಂದು ಮಕ್ಕಳೇ ನಿರ್ಧರಿಸಬಹುದು, ಮತ್ತು ಅದಕ್ಕಾಗಿ ಜಗಳವಾಡಬಹುದು.

ಕಣ್ಣು ಕಾಣದವರಿಗೆ ಬೆಂಡು ಉಪಯೋಗವಿಲ್ಲ. ಅವರ ಕೋಲಿನ ತುದಿಗೆ ಒಂದು ಗೆಜ್ಜೆ ಕಟ್ಟುತ್ತೇವೆ. ನಡುವಯಸ್ಸಿನ ಒಬ್ಬರು ಗೆಜ್ಜೆಯನ್ನು ಬಿಚ್ಚಿಸಿ, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂತಿದ್ದರು. ಪಕ್ಕದಲ್ಲಿದ್ದ ನಾನು ಇನ್ನೊಬ್ಬರ ಬೆಂಡನ್ನೇ ನೋಡುತ್ತಿದ್ದೆ. ಅವರು ಮೆಲ್ಲನೆ, “ಈಗ ಮೂಸುತ್ತಿದೆ, ತಿಂದಿಲ್ಲ” ಎಂದರು. ಸ್ವಲ್ಪ ಹೊತ್ತಿಗೆ, “ಹಿಟ್ಟು ಉದುರಿತು” ಎಂದರು. ಎತ್ತಿ ನೋಡಿದರೆ ಕೊಕ್ಕೆ ಬರಿದಾಗಿತ್ತು. ಹೊಸ ಉಂಡೆ ಹಾಕಿ ಕೊಟ್ಟ ಮೇಲೆ ಅವರು ಎತ್ತಿದ ರೋಹು ಮೊಳಕೈಯುದ್ದ ಇತ್ತು. ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಳ್ಳಿ, ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಹೋಗಿ ಅದಕ್ಕೆ ರೋಗ ಹತ್ತುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅವರು ಅದ್ದಿಕೊಂಡಿದ್ದರು. ಬಾಲ್ಯ ಕೃಷ್ಣಾ ನದಿಯ ದಡದಲ್ಲಿ ಕಳೆದವರಂತೆ.

ಇವರಿಗೆಲ್ಲ ನೀರಿನ ಬಳಿ ಏನು ಕೆಲಸ, ಚದುರಂಗವೋ ಕೇರಮ್ಮೋ ಆಡಿಸಬಾರದೇ ಎಂದು ಕೇಳುವವರೂ ಇದ್ದಾರೆ. ಅವರಿಗೆ ನಾನು ಮುರಳಿಕಾಂತ ಪೇಟಕರರ ಹೆಸರು ಹೇಳುತ್ತೇನೆ. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಬಲ ಕಳೆದುಕೊಂಡ, ಸಾಂಗ್ಲಿ ಜಿಲ್ಲೆಯ ಈ ಸೈನಿಕರು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದದ್ದು 50 ಮೀಟರ್ ಈಜಿನಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಮನರಂಜನೆ ಮತ್ತು ಕ್ರೀಡೆಗಳನ್ನು ಹಕ್ಕಿನ ಸಾಲಿನಲ್ಲೇ ಇರಿಸಿದೆ.

ಆದರೆ ಎಲ್ಲರಿಗೂ ಒಂದೇ ವ್ಯವಸ್ಥೆ ಸಾಲದು, ಮತ್ತು ಇದನ್ನು ಹೇಳಲು ಸಂಕೋಚಪಡಬಾರದು. ಆಟಿಸಂ ಇರುವ ಹಲವು ಮಕ್ಕಳಿಗೆ ನೀರೆಂದರೆ ವಿಪರೀತ ಸೆಳೆತ. ಅಪಾಯದ ಅರಿವಿಲ್ಲದೆ ನೇರ ನೀರಿನತ್ತ ನಡೆಯುತ್ತಾರೆ. ಅಂಥ ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆಟಕುವ ದೂರದಲ್ಲಿ, ಕೈಯಲ್ಲಿ ಮೊಬೈಲ್ ಇಲ್ಲದೆ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾದ ಮಾತು; ನಿಜದಲ್ಲಿ ಮಗು ಸದ್ದಿಲ್ಲದೆ ಮುಳುಗುತ್ತದೆ. ಮೂರ್ಛೆರೋಗ ಇರುವವರು ಕಟ್ಟೆಯ ಒಳಬದಿಯಲ್ಲಿ ಕೂರುತ್ತಾರೆ. ಲೈಫ್ ಜಾಕೆಟ್ ಎಲ್ಲರಿಗೂ ಕಡ್ಡಾಯ, ನನಗೂ. ಮಕ್ಕಳದ್ದಕ್ಕೆ ತೊಡೆಯ ನಡುವೆ ಹಾಯುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮಾತ್ರ ಮೇಲೆ ಬರುತ್ತದೆ.

ಕೆಲವರಿಗೆ ಆಗುವುದಿಲ್ಲ ಎಂದು ಹೇಳುತ್ತೇವೆ. ನಲವತ್ತು ಮಕ್ಕಳ ಹುಟ್ಟುಹಬ್ಬದ ಪಾರ್ಟಿ, ಇಬ್ಬರೇ ಶಿಕ್ಷಕರೊಂದಿಗೆ ಎರಡು ಬಸ್ಸಿನ ಶಾಲಾಪ್ರವಾಸ, ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಮಳೆಗಾಲದಲ್ಲಿ ಕಟ್ಟೆ ಮುಚ್ಚಿರುತ್ತದೆ. ಮೋಡ ಕವಿದ ದಿನಗಳ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಇಳಿದು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದೂ ಗಾಳವಿಲ್ಲ. ಬಂದವರಿಗೆ ಚಹಾ ಕೊಟ್ಟು ಕಳಿಸುತ್ತೇವೆ. ನಮ್ಮ ಸಸ್ಯಾಹಾರಿ ಬಂಧುಗಳು ಪಾಪಪುಣ್ಯದ ಪ್ರಶ್ನೆ ಎತ್ತುತ್ತಾರೆ, ಮತ್ತು ತಮ್ಮ ಮೊಮ್ಮಕ್ಕಳನ್ನು ತಪ್ಪದೆ ಕರೆತರುತ್ತಾರೆ. ಹಿಡಿದದ್ದನ್ನು ಬಿಡುವುದೋ ಒಯ್ಯುವುದೋ ಹಿಡಿದವರ ಇಷ್ಟ. ಒಯ್ಯುವವರಿಗೆ ಒಂದೇ ಮೀನು.

ಇಷ್ಟೆಲ್ಲ ಕೇಳಿದ ಮೇಲೆ ಒಂದಿಬ್ಬರು, ನಮ್ಮಲ್ಲೂ ಹೊಂಡವಿದೆ, ಎಲ್ಲಿಂದ ಆರಂಭಿಸಲಿ ಎನ್ನುತ್ತಾರೆ. ಹಗ್ಗ ಮತ್ತು ಟೈರನ್ನು ಈ ವಾರವೇ ಇಳಿಬಿಡಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಕಟ್ಟೆಯ ಕೆಲಸವನ್ನು ಮಾತ್ರ ಮೇ ತಿಂಗಳಿಗೆ ಇಟ್ಟುಕೊಳ್ಳಿ, ಆಗ ನೀರು ತಳ ಸೇರಿರುತ್ತದೆ, ಪ್ಲಾಸ್ಟಿಕ್ ಹಾಳೆ ಎಲ್ಲಿ ಹರಿದಿದೆ ಎಂಬುದೂ ಕಾಣುತ್ತದೆ. ಗೌಂಡಿ ಅಳತೆ ಹಿಡಿಯುವ ದಿನ ಗಾಲಿಕುರ್ಚಿ ಬಳಸುವ ಒಬ್ಬರನ್ನು ಕರೆದುಕೊಂಡು ಹೋಗಿ, ಅಳತೆಯ ದಾರವನ್ನು ಅವರ ಕೈಗೆ ಕೊಡಿ.