ಹಿತ್ತಲಿನ ಮರಿಕೋಸು

ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಮುಗಿದು ಮಳೆ ಹಿಂದೆ ಸರಿದ ಮೇಲೆ, ಮಡಿಕೇರಿಯ ನಮ್ಮ ಹಿತ್ತಲಿನ ಹುಳಿ ಮಣ್ಣಿಗೆ ಸುಣ್ಣ ಬೆರೆಸಿ ನೆಟ್ಟಿದ್ದ ಬ್ರಸೆಲ್ಸ್ ಸ್ಪ್ರೌಟ್ಸ್ ಗಿಡಗಳ ಬುಡದಲ್ಲಿ, 95ನೆಯ ದಿನವಾದ ಇಂದು, ಎಲೆಯ ಕಂಕುಳಿಗೊಂದರಂತೆ ನೆಲ್ಲಿಕಾಯಿ ಗಾತ್ರದ ಮರಿಕೋಸುಗಳು ಮಂಜಿನ ಹನಿ ಹೊತ್ತು ಬಿಗಿಯಾಗಿ ಕುಳಿತಿದ್ದವು. ಕಳೆದ ವರ್ಷ ಬುಡದ ಮಣ್ಣನ್ನು ಗಟ್ಟಿಯಾಗಿ ಅದುಮದೆ ಬಿಟ್ಟಿದ್ದರಿಂದ ಗಿಡಗಳು ಗಾಳಿಗೆ ಅಲುಗಾಡಿ, ಕೋಸುಗಳೆಲ್ಲ ಸಡಿಲವಾಗಿ ಬಿರಿದುಕೊಂಡಿದ್ದವು. ಆ ಬೇಸರ ಇಂದು ಕರಗಿತು. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಗೇ ಕೊಯ್ಯಬೇಕೆಂಬುದು ಅತ್ತೆಯವರ ಆಸೆಯಾಗಿತ್ತು. ಆದರೆ ಚಳಿಗೆ ಈ ಗಿಡ ತನ್ನ ಪಿಷ್ಟವನ್ನು ಸಕ್ಕರೆಯಾಗಿಸಿಕೊಳ್ಳುತ್ತದೆ, ಆದ್ದರಿಂದ ಕಾದದ್ದೇ ಒಳಿತಾಯಿತೆಂದು ನನಗನಿಸುತ್ತದೆ. ಕೆಳಗಿನ ಏಳನ್ನು ತಿರುಚಿ ಕಿತ್ತು ಅವರ ಮಡಿಲಿಗೆ ಹಾಕಿದೆ. ಮೇಲಿನವು ಇನ್ನೂ ಗೋಲಿಯಷ್ಟಿವೆ.