ಬ್ರಿಸ್ಬೇನ್ ಮೇಲಿನ ವಿಮಾನದ ಸದ್ದು: ನಾವ್ಯಾಕೆ ಸುಮ್ನಿರಲ್ಲ

"ಏರ್‌ಪೋರ್ಟ್ ಪಕ್ಕ ಮನೆ ತಗೊಂಡು ಈಗ ಸದ್ದು ಸದ್ದು ಅಂದ್ರೆ ಹೇಗೆ?" ಈ ಮಾತನ್ನ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರೋ ನಮ್ಮ ಕನ್ನಡದವರ ಬಾಯಲ್ಲೂ ಕೇಳಿದೀನಿ, ಅದಕ್ಕೇ ಇದನ್ನ ಬರೀತಿರೋದು. ಹ್ಯಾಮಿಲ್ಟನ್, ನ್ಯೂ ಫಾರ್ಮ್ ಥರದ ನದಿ ಪಕ್ಕದ ಏರಿಯಾಗಳು ಹಾಗಿರ್ಲಿ, ಬೆಟ್ಟದ ಕಡೆ ಇರೋ ದಿ ಗ್ಯಾಪ್, ಸ್ಯಾಮ್‌ಫರ್ಡ್, ಬ್ರೂಕ್‌ಫೀಲ್ಡ್ ಜನಾನೂ ಈ ಸದ್ದನ್ನ ವಿರೋಧಿಸ್ತಿದಾರೆ. ಅವ್ರೇನು ಏರ್‌ಪೋರ್ಟ್ ಪಕ್ಕ ಇದಾರಾ? ಅವರು ಮನೆ ಬದಲಾಯಿಸ್ಲಿಲ್ಲ, ವಿಮಾನದ ದಾರಿ ಬದಲಾಯ್ತು.

ಬ್ರಿಸ್ಬೇನ್ ಏರ್‌ಪೋರ್ಟಿನ ಹೊಸ ರನ್‌ವೇ ಓಪನ್ ಆಗಿದ್ದು 2020ರ ಜುಲೈನಲ್ಲಿ, ದಾರಿ ಬದಲಾಗಿದ್ದು ಅದರಿಂದಲೇ. ಅದಕ್ಕೆ ಪರ್ಮಿಷನ್ ಸಿಕ್ಕಿದ್ದು 2007ರಲ್ಲಿ, ಅಂದ್ರೆ ಮಧ್ಯದ ಹದಿಮೂರು ವರ್ಷದಲ್ಲಿ ಬಂದು ಸೇರ್ಕೊಂಡ ಎಷ್ಟೋ ಜನಕ್ಕೆ ಮ್ಯಾಪ್‌ನಲ್ಲಿ ತಮ್ಮ ತಲೆ ಮೇಲೊಂದು ಗೆರೆ ಎಳೆದಿದಾರೆ ಅಂತಾನೇ ಗೊತ್ತಿರ್ಲಿಲ್ಲ. ಓಪನ್ ಆದಾಗ ನೋಡಿದ್ರೆ ಕೋವಿಡ್, ಬಾರ್ಡರ್ ಎಲ್ಲಾ ಬಂದ್, ಆಕಾಶ ಖಾಲಿ. ಮೊದಲು ಅಲ್ಲೊಂದು ಇಲ್ಲೊಂದು ಹೋಯ್ತು, ಬಾರ್ಡರ್ ತೆಗೀತಾ ತೆಗೀತಾ ಜಾಸ್ತಿ ಆಯ್ತು, ಆಮೇಲೆ ಬೆಳಗಿನ ಹೊತ್ತು ಒಂದು ದೂರ ಹೋಗೋದ್ರೊಳಗೆ ಇನ್ನೊಂದರ ಸದ್ದು ಶುರು. ಹೀಗೆ ನಿಧಾನಕ್ಕೆ ಬಂದಿದ್ದರಿಂದ ಇಂಥ ದಿನದಿಂದ ಕಷ್ಟ ಶುರುವಾಯ್ತು ಅಂತ ತೋರ್ಸೋಕೇ ಆಗಲ್ಲ.

ಲೆಕ್ಕದಲ್ಲೂ ಇದು ಕಾಣ್ಸಲ್ಲ. ಸದ್ದಿನ ಸರಾಸರಿ ತೆಗೆಯೋ ರೀತಿ ಹೇಗಿದೆ ಅಂದ್ರೆ, ಅಷ್ಟೇ ಜೋರಿನ ವಿಮಾನಗಳು ಡಬಲ್ ಆದ್ರೂ ಸರಾಸರಿ ಏರೋದು ಮೂರೇ ಮೂರು ಡೆಸಿಬೆಲ್. ಪೇಪರ್ ಮೇಲೆ ಅದು ಏನೂ ಅಲ್ಲ ಅನ್ಸುತ್ತೆ. ಆದ್ರೆ ಮಲಗಿರೋ ಮಗುವಿಗೆ ಸರಾಸರಿ ಕೇಳ್ಸಲ್ಲ ರೀ, ಒಂದೊಂದು ವಿಮಾನಾನೂ ಕೇಳ್ಸುತ್ತೆ. ಎನ್70 ಅಂತ ಇನ್ನೊಂದು ಅಳತೆ ಇದೆ, 70 ಡೆಸಿಬೆಲ್ ದಾಟಿದ್ದು ದಿನಕ್ಕೆ ಎಷ್ಟು ಸಲ ಅಂತ ಎಣಿಸೋದು. ನನ್ನ ಪ್ರಕಾರ ಜನಕ್ಕೆ ಮೊದಲು ತೋರಿಸ್ಬೇಕಾದ್ದು ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿಗೆ ಅಂತ ಕೊಟ್ಟ ಸಲಹೆ ನೋಡಿ, ರಾತ್ರಿ ವಿಮಾನದ ಸದ್ದು ಸರಾಸರಿ 40 ಡೆಸಿಬೆಲ್ ಒಳಗಿರ್ಬೇಕು ಅಂತ.

ಕಿಟಕಿ ಮುಚ್ಕೊಳ್ಳಿ, ಡಬಲ್ ಗ್ಲಾಸ್ ಹಾಕ್ಸಿ ಅಂತಾರೆ. ಇಲ್ಲಿನ ಹಳೇ ಕ್ವೀನ್ಸ್‌ಲ್ಯಾಂಡರ್ ಮನೆಗಳನ್ನ ನೋಡಿದೀರಾ? ಕಂಬದ ಮೇಲೆ ಎತ್ತಿ ಕಟ್ಟಿರೋ ಮರದ ಮನೆ, ತೆಳು ಹಲಗೆ ಗೋಡೆ, ಸುತ್ತ ವರಾಂಡ, ಗಾಳಿ ಆಡ್ಲಿ ಅಂತಾನೇ ಮಾಡಿರೋದು. ಅದನ್ನ ಸೀಲ್ ಮಾಡಿದ್ರೆ ಬೇಸಿಗೆ ಪೂರ್ತಿ ಎಸಿ ಹಾಕ್ಕೊಂಡೇ ಕೂರ್ಬೇಕು.

ರಾತ್ರಿ ವಿಮಾನಗಳು ಸಮುದ್ರದ ಮೇಲೆ, ಮೋರ್ಟನ್ ಕೊಲ್ಲಿ ಕಡೆ ಹೋಗುತ್ತೆ ಅಂತ ನಂಬಿದ್ವಿ. ಒಂದು ರನ್‌ವೇಗೆ ಕೊಲ್ಲಿ ಕಡೆಯಿಂದ ಇಳಿಯೋದು, ಇನ್ನೊಂದರಿಂದ ಕೊಲ್ಲಿ ಕಡೆಗೇ ಏರೋದು, ಇದು ಆಗುತ್ತೆ, ಆದ್ರೆ ಹಿಂದಿನಿಂದ ಬೀಸೋ ಗಾಳಿ ಕಮ್ಮಿ ಇರ್ಬೇಕು, ಟ್ರಾಫಿಕ್ಕೂ ಕಮ್ಮಿ ಇರ್ಬೇಕು. ಟ್ರಾಫಿಕ್ ಬೆಳೆದಷ್ಟೂ ಈ ಅನುಕೂಲ ಸಿಗೋ ಗಂಟೆಗಳು ಕರಗುತ್ವೆ.

ಸಿಡ್ನಿ ಏರ್‌ಪೋರ್ಟಿಗೆ 1995ರಿಂದ ಕಾನೂನಿನ ಕರ್ಫ್ಯೂ, ಅಂದ್ರೆ ರಾತ್ರಿ ವಿಮಾನಗಳಿಗೆ ನಿರ್ಬಂಧ ಇದೆ, ರಾತ್ರಿ 11ರಿಂದ ಬೆಳಗ್ಗೆ 6. ಗಂಟೆಗೆ 80 ವಿಮಾನದ ಮಿತಿನೂ ಇದೆ. ನಮ್ಮಿಂದ ಸುಮಾರು ನೂರು ಕಿಲೋಮೀಟರ್ ದೂರದ ಗೋಲ್ಡ್ ಕೋಸ್ಟಿಗೂ ಕರ್ಫ್ಯೂ ಇದೆ. ಬ್ರಿಸ್ಬೇನಿಗೆ ಎರಡೂ ಇಲ್ಲ! 2023ರಲ್ಲಿ ಇಲ್ಲಿಯ ಗ್ರೀನ್ಸ್ ಪಕ್ಷದ ಸಂಸದೆ ಎಲಿಜಬೆತ್ ವಾಟ್ಸನ್-ಬ್ರೌನ್ ಸಿಡ್ನಿ ಥರದ್ದೇ ಒಂದು ಮಸೂದೆ ತಂದ್ರು, ಅದು ಕಾನೂನಾಗ್ಲಿಲ್ಲ. 2024ರಲ್ಲಿ ವಿಮಾನದ ಸದ್ದಿನ ಬಗ್ಗೆ ಸೆನೆಟ್ (ಸಂಸತ್ತಿನ ಮೇಲ್ಮನೆ) ವಿಚಾರಣೆನೂ ನಡೀತು. ರಾತ್ರಿಗಳು ಮಾತ್ರ ಹಾಗೇ ಇವೆ.

ಬೆಂಗಳೂರಲ್ಲಿ 2008ರ ತನಕ ಎಚ್‌ಎಎಲ್ ಏರ್‌ಪೋರ್ಟ್ ಇದ್ದಾಗ ಮುರುಗೇಶಪಾಳ್ಯ, ದೊಮ್ಮಲೂರಿನವರು ಸಹಿಸ್ಕೊಂಡಿದ್ರಲ್ಲ ಅಂತ ಒಬ್ಬ ಸ್ನೇಹಿತರು ಕೇಳಿದ್ರು. ಸಹಿಸ್ಕೊಂಡಿದ್ದು ನಿಜ, ಆದ್ರೆ ಅವರ ನಿದ್ದೆ ಹಾಳಾಗಿದ್ದು ಸುಳ್ಳಾಗುತ್ತಾ?

ನಮಗೆ ಏರ್‌ಪೋರ್ಟ್ ಬೇಡ ಅಂತಲ್ಲ, ಊರಿಗೆ ಹೋಗೋಕೆ ನಮಗೂ ಅದೇ ಬೇಕು. 2032ಕ್ಕೆ ಇಲ್ಲಿ ಒಲಿಂಪಿಕ್ಸ್, ಅದಕ್ಕೆ ಮುಂಚೆ ಕರ್ಫ್ಯೂ ಮತ್ತು ಗಂಟೆಯ ಮಿತಿ ಬರ್ಲೇಬೇಕು, ಟ್ರಾಫಿಕ್ ಬೆಳೆದ ಮೇಲೆ ಯಾರೂ ಇಳಿಸಲ್ಲ. ಇದು ಕೇಂದ್ರ ಸರ್ಕಾರದ ಕೈಲಿರೋ ವಿಷಯ, ಕೌನ್ಸಿಲ್‌ಗೆ ಬರೆದು ಪ್ರಯೋಜನ ಇಲ್ಲ, ನಿಮ್ಮ ಫೆಡರಲ್ ಎಂಪಿಗೇ ಬರೀರಿ. ಬರೀ ಸದ್ದು ಜಾಸ್ತಿ ಅಂತ ಬರೀಬೇಡಿ, ಯಾವ ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಯ್ತು ಅಂತ ಒಂದು ವಾರ ಗುರುತು ಹಾಕಿಟ್ಟು ಅದನ್ನೇ ಕಳ್ಸಿ.